ಕೊಳವೆಯ ಕಾವಲು: ಸುಡಾನಿನ ಎಣ್ಣೆ, ಚೀನಾ ಮತ್ತು ಯುದ್ಧ

(ನಮ್ಮ ಓದುಬಳಗದ ತಿಂಗಳ ಸಭೆಯಲ್ಲಿ ಮಾತನಾಡಿದ್ದರ ಬರಹ ರೂಪ. ಅಂದು ಸಮಯ ಸಾಲದೆ ಓಡಿಸಿಬಿಟ್ಟ ಕೆಲವು ಸಂಗತಿಗಳನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಬರೆದಿದ್ದೇನೆ.)

ಆಫ್ರಿಕಾದಲ್ಲಿ ಚೀನಾ ಏನು ಮಾಡುತ್ತಿದೆ ಎಂಬುದನ್ನು ಒಂದು ಗಂಟೆಯಲ್ಲಿ ಹೇಳಿ ಎಂದು ಗೆಳೆಯರು ಕೇಳಿದಾಗ ನನಗೆ ನಗು ಬಂತು. ಐವತ್ತನಾಲ್ಕು ದೇಶಗಳ ಖಂಡ ಅದು. ಅಲ್ಲಿಗೆ ಹೋಗಿರುವ ಚೀನಾ ಕೂಡ ಒಂದಲ್ಲ. ಸರ್ಕಾರಿ ತೈಲ ಕಂಪನಿಯೂ ಚೀನಾ, ಅಣ್ಣತಮ್ಮಂದಿರು ಸೇರಿ ನಡೆಸುವ ಕಲ್ಲಿದ್ದಲು ಗಣಿಯೂ ಚೀನಾ, ಘಾನಾದ ಹೊಳೆಗಳಲ್ಲಿ ಚಿನ್ನ ಸೋಸಲು ಗುವಾಂಗ್ಸಿ ಪ್ರಾಂತ್ಯದ ಒಂದೇ ತಾಲ್ಲೂಕಿನಿಂದ ಹೊರಟ ಸಾವಿರಾರು ಜನರೂ ಚೀನಾವೇ. ಆದ್ದರಿಂದ ಇಡೀ ಖಂಡವನ್ನು ಬಿಟ್ಟು ಒಂದು ಕೊಳವೆಯನ್ನು ಹಿಡಿದುಕೊಂಡು ಹೊರಡುತ್ತೇನೆ. ಅಂದಿನ ಸುಡಾನಿನ ದಕ್ಷಿಣ ಭಾಗದ ಬೆಂಟಿಯು, ಹೆಗ್ಲಿಗ್ ಸುತ್ತಲಿನ ಎಣ್ಣೆ ಬಾವಿಗಳಿಂದ ಹೊರಟು, ಮರುಭೂಮಿ ದಾಟಿ, ಕೆಂಪು ಸಮುದ್ರದ ದಂಡೆಯಲ್ಲಿರುವ ಪೋರ್ಟ್ ಸುಡಾನ್ ತಲುಪುವ ಸುಮಾರು 1,600 ಕಿಲೋಮೀಟರ್ ಉದ್ದದ ಕೊಳವೆ. ದಾರಿಯಲ್ಲಿ ಒಂದೆರಡು ಕಡೆ ಇಳಿದು ಅಕ್ಕಪಕ್ಕ ನೋಡೋಣ.

ಪೋರ್ಟ್ ಸುಡಾನ್ ಎಂಬ ಹೆಸರು ನಮ್ಮಲ್ಲಿ ಹಲವರ ಕಿವಿಗೆ ಮೊದಲು ಬಿದ್ದದ್ದು 2023ರ ಏಪ್ರಿಲ್‌ನಲ್ಲಿ. ಸುಡಾನ್ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನೆಗೂ ಯುದ್ಧ ಶುರುವಾದಾಗ ನಮ್ಮ ಹಕ್ಕಿಪಿಕ್ಕಿ ಸಮುದಾಯದ ಮೂವತ್ತಕ್ಕೂ ಹೆಚ್ಚು ಜನ ಡಾರ್ಫರ್ ಪ್ರದೇಶದ ಎಲ್ ಫಾಶರ್ ನಗರದಲ್ಲಿ ಸಿಕ್ಕಿಕೊಂಡಿದ್ದರು. ಹುಣಸೂರಿನ ಪಕ್ಷಿರಾಜಪುರದಿಂದ, ಶಿವಮೊಗ್ಗ, ದಾವಣಗೆರೆ ಕಡೆಯಿಂದ ಗಿಡಮೂಲಿಕೆ, ಎಣ್ಣೆ ಮಾರಲು ಹೋದವರು. ವಿಧಾನಸಭೆ ಚುನಾವಣೆಯ ಹೊತ್ತಾದ್ದರಿಂದ ಅದರ ಮೇಲೆ ರಾಜಕೀಯ ಜಗಳವೂ ಆಯಿತು. ಆಮೇಲೆ 'ಆಪರೇಷನ್ ಕಾವೇರಿ' ನಡೆದು, ಭಾರತೀಯರಲ್ಲಿ ಹೆಚ್ಚಿನವರನ್ನು ಪೋರ್ಟ್ ಸುಡಾನ್‌ನಿಂದ ಜೆಡ್ಡಾಕ್ಕೆ, ಅಲ್ಲಿಂದ ಊರಿಗೆ ಕರೆತಂದರು. ನಮ್ಮವರು ತಲೆಗೆ ಹಚ್ಚುವ ಎಣ್ಣೆ ಮಾರಲು ಆ ನಾಡಿಗೆ ಹೋದರು, ಚೀನೀಯರು ನೆಲದ ಎಣ್ಣೆ ತೆಗೆಯಲು ಹೋದರು. ಯುದ್ಧ ಬಂದಾಗ ನಮ್ಮವರು ಗಂಟುಮೂಟೆ ಕಟ್ಟಿಕೊಂಡು ವಾಪಸಾಗಬಹುದಿತ್ತು. 1,600 ಕಿಲೋಮೀಟರ್ ಕೊಳವೆಯನ್ನು ಗಂಟು ಕಟ್ಟುವಂತಿಲ್ಲ. ನಾನು ಇಂದು ಹೇಳಬೇಕೆಂದಿರುವುದರಲ್ಲಿ ಅರ್ಧ ಇಷ್ಟೇ.

ಆ ಎಣ್ಣೆಯನ್ನು ಕಂಡುಹಿಡಿದದ್ದು ಚೀನಾ ಅಲ್ಲ. 1970ರ ದಶಕದ ಕೊನೆಯಲ್ಲಿ ಬೆಂಟಿಯು ಬಳಿ ಅಮೆರಿಕದ ಶೆವ್ರಾನ್ ಕಂಪನಿ ಕಂಡುಹಿಡಿಯಿತು. 1983ರಲ್ಲಿ ದಕ್ಷಿಣದವರ ಬಂಡಾಯ ಮತ್ತೆ ಹೊತ್ತಿಕೊಂಡಿತು, ಮರುವರ್ಷ ಶೆವ್ರಾನ್‌ನ ಮೂವರು ನೌಕರರು ಹತರಾದರು, ಕಂಪನಿ ಕೆಲಸ ನಿಲ್ಲಿಸಿ ಕೊನೆಗೆ ಗುತ್ತಿಗೆಯನ್ನೇ ಬಿಟ್ಟುಹೋಯಿತು. ತೊಂಬತ್ತರ ದಶಕದಲ್ಲಿ ಸುಡಾನಿನ ರಾಜಧಾನಿ ಖಾರ್ಟೂಮ್ ಎಂದರೆ ಒಸಾಮಾ ಬಿನ್ ಲಾಡೆನ್‌ಗೆ ಐದು ವರ್ಷ ಮನೆ ಕೊಟ್ಟ ಊರು. 1997ರಲ್ಲಿ ಅಮೆರಿಕ ದಿಗ್ಬಂಧನ ಹೇರಿತು. ಯಾರೂ ಹೋಗದ ಜಾಗ ಖಾಲಿ ಇತ್ತು. ಚೀನಾ 1993ರಿಂದ ಎಣ್ಣೆ ಕೊಳ್ಳುವ ದೇಶವಾಗಿತ್ತು, ಮಧ್ಯಪ್ರಾಚ್ಯದ ಒಳ್ಳೊಳ್ಳೆಯ ಬಾವಿಗಳೆಲ್ಲ ಮೊದಲೇ ಬೇರೆಯವರ ಪಾಲಾಗಿದ್ದವು. ಚೀನಾದ ಸರ್ಕಾರಿ ತೈಲ ಕಂಪನಿ ಸಿಎನ್‌ಪಿಸಿ 40 ಪಾಲು, ಮಲೇಷ್ಯಾದ ಪೆಟ್ರೋನಾಸ್ 30, ಕೆನಡಾದ ಕಂಪನಿಯೊಂದು 25, ಸುಡಾನ್ ಸರ್ಕಾರ 5 ಎಂದು ಹಂಚಿಕೊಂಡು ಕೂಟ ಕಟ್ಟಿದವು. 1999ರ ಆಗಸ್ಟ್‌ನಲ್ಲಿ ಮೊದಲ ಹಡಗು ಎಣ್ಣೆ ತುಂಬಿಕೊಂಡು ಹೊರಟಿತು.

ಕೊಳವೆ ಹಾಕಿದ ಕಥೆಯನ್ನು ಇಂಜಿನಿಯರುಗಳು ಹೇಳಿದರೆ ಸಾಹಸಕಥೆ. ಮರಳುಗಾಡಿನ ಬಿಸಿಲಿನಲ್ಲಿ ಒಂದೂವರೆ ವರ್ಷದೊಳಗೆ ಮುಗಿಸಿದರು. ಬಾವಿಗಳ ಸುತ್ತ ಇದ್ದ ನ್ಯೂಯರ್, ಡಿಂಕಾ ಜನ ಹೇಳಿದರೆ ಬೇರೆ ಕಥೆ. ದನಗಳೇ ಬದುಕು, ದನಗಳೇ ಬ್ಯಾಂಕು, ದನಗಳೇ ಹೆಣ್ಣಿಗೆ ಕೊಡುವ ತೆರ ಎಂದಿರುವ ಜನ ಅವರು. ಅವರ ಹುಲ್ಲುಗಾವಲಿನ ಮೇಲೆ ರಸ್ತೆ ಬಂತು, ರಸ್ತೆಯ ಮೇಲೆ ಸೈನ್ಯದ ಲಾರಿ ಬಂತು, ಹಳ್ಳಿಗಳು ಖಾಲಿಯಾದವು. ಕೆನಡಾ ಸರ್ಕಾರ ಕಳುಹಿಸಿದ ಜಾನ್ ಹಾರ್ಕರ್ ನೇತೃತ್ವದ ತಂಡ 2000ದಲ್ಲಿ ವರದಿ ಕೊಟ್ಟಿತು: ತೈಲ ಕ್ಷೇತ್ರದ ಹೆಗ್ಲಿಗ್ ವಿಮಾನದಾರಿಯನ್ನು ಸುಡಾನ್ ಸೇನೆ ತನ್ನ ಕಾರ್ಯಾಚರಣೆಗೆ ಬಳಸುತ್ತಿದೆ, ಎಣ್ಣೆ ಯುದ್ಧವನ್ನು ಉಲ್ಬಣಗೊಳಿಸುತ್ತಿದೆ ಎಂದು. ಟೊರಾಂಟೊದಲ್ಲಿ ಷೇರುದಾರರು, ಚರ್ಚುಗಳು, ಪತ್ರಿಕೆಗಳು ಕೂಗೆಬ್ಬಿಸಿದವು. ಕೆನಡಾದ ಕಂಪನಿ ತನ್ನ ಪಾಲನ್ನು ಮಾರಿಕೊಂಡು ಹೊರಟಿತು. ಯಾರಿಗೆ ಮಾರಿತು? 2003ರಲ್ಲಿ ಆ 25 ಪಾಲನ್ನು 70 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡದ್ದು ನಮ್ಮದೇ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ ವಿದೇಶ್. ಸಭೆಯಲ್ಲಿ ಇದನ್ನು ಹೇಳಿದಾಗ ಒಂದು ಗಳಿಗೆ ನಿಶ್ಶಬ್ದವಾಯಿತು. ಚೀನಾವನ್ನು ಬೈಯಲು ಬಂದವರಿಗೆ ಸ್ವಲ್ಪ ಕಸಿವಿಸಿಯಾಗಿರಬೇಕು. ನನಗೂ ಮೊದಲ ಸಲ ಓದಿದಾಗ ಆಗಿತ್ತು.

ಆ ದಿನಗಳಲ್ಲಿ ಬೀಜಿಂಗ್ ಹೇಳುತ್ತಿದ್ದ ಮಾತು ಒಂದೇ: ನಾವು ವ್ಯಾಪಾರಕ್ಕೆ ಬಂದವರು, ಇನ್ನೊಬ್ಬರ ಮನೆಯ ಒಳಗಿನ ವಿಷಯಕ್ಕೆ ಕೈಹಾಕುವುದಿಲ್ಲ. ಈ ಮಾತಿನ ಮೂಲ ನಮಗೆ ಹತ್ತಿರದ್ದೇ. 1954ರಲ್ಲಿ ಟಿಬೆಟ್ ಕುರಿತು ಭಾರತ ಮತ್ತು ಚೀನಾ ಮಾಡಿಕೊಂಡ ಒಪ್ಪಂದದ ಪೀಠಿಕೆಯಲ್ಲಿ ಪಂಚಶೀಲ ಎಂದು ಬಂತಲ್ಲ, ಅದರ ಮೂರನೆಯ ಸೂತ್ರ. ನಮ್ಮಿಬ್ಬರ ನಡುವೆ ಎಂಟೇ ವರ್ಷದಲ್ಲಿ ಆ ಕಾಗದ ಹರಿದುಹೋಯಿತು. ಆದರೆ ಆಫ್ರಿಕಾದ ನಾಯಕರ ಜೊತೆ ಮಾತನಾಡುವಾಗ ಚೀನಾ ಅದನ್ನು ಇಂದಿಗೂ ಜೇಬಿನಿಂದ ತೆಗೆದು ತೋರಿಸುತ್ತದೆ. ವಸಾಹತುಗಳ ಏಟು ತಿಂದ, ಆಮೇಲೆ ವಿಶ್ವಬ್ಯಾಂಕಿನ ಷರತ್ತುಗಳ ಏಟನ್ನೂ ತಿಂದ ದೇಶಗಳಿಗೆ ಆ ಮಾತು ಇಂಪಾಗಿ ಕೇಳಿಸುವುದು ಸಹಜವೇ. ಸರ್ಕಾರದವರ ಕಿವಿಗೆ ಇಂಪು ಎನ್ನಬೇಕು. ಎಲ್ ಫಾಶರ್ ಸುತ್ತಲಿನ ಹಳ್ಳಿಯವರ ಕಿವಿಗಲ್ಲ.

ಏಕೆಂದರೆ 2003ರಲ್ಲಿ ಡಾರ್ಫರ್ ಹೊತ್ತಿಕೊಂಡಿತು. ಜಂಜಾವೀದ್ ಎಂಬ ಕುದುರೆ ಸವಾರ ಪಡೆಗಳನ್ನು ಖಾರ್ಟೂಮ್ ಹಳ್ಳಿಗಳ ಮೇಲೆ ಬಿಟ್ಟಿತು. ಇಂದಿನ ಆರ್‌ಎಸ್‌ಎಫ್ ಅದೇ ಪಡೆಗಳ ಮುಂದುವರಿಕೆ. ಸುಡಾನ್ ರಫ್ತು ಮಾಡುತ್ತಿದ್ದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಚೀನಾಕ್ಕೆ ಹೋಗುತ್ತಿತ್ತು, ಆ ಹಣ ಖಾರ್ಟೂಮ್ ಬೊಕ್ಕಸಕ್ಕೆ ಬರುತ್ತಿತ್ತು, ಬೊಕ್ಕಸದಿಂದ ಎಲ್ಲಿಗೆ ಹೋಗುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಚೀನಾ ಮತದಾನದಿಂದ ದೂರ ಉಳಿಯುತ್ತ ಬಂತು. 2005ರಲ್ಲಿ ಡಾರ್ಫರ್ ಪ್ರಕರಣವನ್ನು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸುವಾಗಲೂ, 2006ರಲ್ಲಿ ಶಾಂತಿಪಡೆ ಕಳುಹಿಸುವ ನಿರ್ಣಯ ಬಂದಾಗಲೂ ಹಾಗೆಯೇ. ಆಮೇಲೆ ಬೀಜಿಂಗ್ ಒಲಿಂಪಿಕ್ಸ್ ಹತ್ತಿರ ಬಂತು. ಹೋರಾಟಗಾರರು ಅದಕ್ಕೆ 'ನರಮೇಧದ ಒಲಿಂಪಿಕ್ಸ್' ಎಂದು ಹೆಸರಿಟ್ಟರು. ಉದ್ಘಾಟನಾ ಸಮಾರಂಭದ ಸಲಹೆಗಾರನ ಜವಾಬ್ದಾರಿಯಿಂದ ನಿರ್ದೇಶಕ ಸ್ಪೀಲ್‌ಬರ್ಗ್ ಹಿಂದೆ ಸರಿದರು. ಚೀನಾ 2007ರಲ್ಲಿ ಡಾರ್ಫರ್‌ಗೆಂದೇ ಒಬ್ಬ ವಿಶೇಷ ರಾಯಭಾರಿಯನ್ನು ನೇಮಿಸಿತು. ಖಾರ್ಟೂಮನ್ನು ಒಳಗಿಂದೊಳಗೆ ಒಪ್ಪಿಸಿ, ಆಫ್ರಿಕಾ ಒಕ್ಕೂಟ ಮತ್ತು ವಿಶ್ವಸಂಸ್ಥೆಯ ಜಂಟಿ ಪಡೆ ಬರುವಂತೆ ಮಾಡಿತು, ತನ್ನ ಇಂಜಿನಿಯರಿಂಗ್ ಸೈನಿಕರನ್ನೂ ಕಳುಹಿಸಿತು. ಕೈಹಾಕುವುದಿಲ್ಲ ಎನ್ನುತ್ತಲೇ ಮೊಣಕೈವರೆಗೆ ಕೈ ಒಳಗೆ ಹೋಗಿತ್ತು. ಇದನ್ನು ನಾನು ದೂರಿನಂತೆ ಹೇಳುತ್ತಿಲ್ಲ. ಆ ಕೈ ಇನ್ನೂ ಮೂರು ವರ್ಷ ಮೊದಲೇ ಹೋಗಿದ್ದರೆ ಚೆನ್ನಾಗಿತ್ತು ಎಂಬುದು ನನ್ನ ದೂರು.

2011ರ ಜುಲೈ 9ರಂದು ದಕ್ಷಿಣ ಸುಡಾನ್ ಬೇರೆ ದೇಶವಾಯಿತು. ಎಣ್ಣೆಯ ಮುಕ್ಕಾಲು ಪಾಲು ದಕ್ಷಿಣಕ್ಕೆ ಹೋಯಿತು. ಕೊಳವೆ, ಶುದ್ಧೀಕರಣ ಘಟಕ, ಬಂದರು ಎಲ್ಲ ಉತ್ತರದಲ್ಲೇ ಉಳಿದವು. ಬಾವಿ ಒಬ್ಬನ ಹಿತ್ತಲಲ್ಲಿ, ಕಾಲುವೆ ಇನ್ನೊಬ್ಬನ ಹೊಲದಲ್ಲಿ ಎಂದರೆ ಏನಾಗುತ್ತದೆಂದು ನೀರಾವರಿ ನಾಡಿನ ನಮಗೆ ಗೊತ್ತು. ಖಾರ್ಟೂಮ್ ಬ್ಯಾರೆಲ್‌ಗೆ 36 ಡಾಲರ್ ಸಾಗಣೆ ಶುಲ್ಕ ಕೇಳಿತು. ದಕ್ಷಿಣದ ರಾಜಧಾನಿ ಜುಬಾ ಒಂದು ಡಾಲರಿಗಿಂತ ಕಡಿಮೆ ಕೊಡುತ್ತೇನೆ ಎಂದಿತು. ಖಾರ್ಟೂಮ್ ಕೊಳವೆಯಲ್ಲಿದ್ದ ಎಣ್ಣೆಯನ್ನು ತಾನೇ ಹಿಡಿದುಕೊಳ್ಳತೊಡಗಿತು. 2012ರ ಜನವರಿಯಲ್ಲಿ ಜುಬಾ ಎಣ್ಣೆ ತೆಗೆಯುವುದನ್ನೇ ನಿಲ್ಲಿಸಿತು. ತನ್ನ ಸರ್ಕಾರದ ಆದಾಯದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಕೊಡುತ್ತಿದ್ದ ಏಕೈಕ ಬಾಬತ್ತನ್ನು. ಚೀನೀಯರ ಪಾಲು ದೊಡ್ಡದಾಗಿದ್ದ ತೈಲ ಕೂಟದ ಮುಖ್ಯಸ್ಥನನ್ನು, ಖಾರ್ಟೂಮ್ ಜೊತೆ ಶಾಮೀಲಾಗಿದ್ದಾನೆ ಎಂದು ಆರೋಪಿಸಿ ದೇಶದಿಂದ ಹೊರಗೆ ಹಾಕಿತು. ಇಲ್ಲಿ ಒಂದು ಕ್ಷಣ ನಿಲ್ಲೋಣ. ಚೀನಾ ಬಲಾಢ್ಯ, ಆಫ್ರಿಕಾದ ದೇಶಗಳು ಅದರ ಕೈಗೊಂಬೆ ಎಂದು ಬರೆಯುವವರು ಈ ಪ್ರಸಂಗವನ್ನು ಓದಬೇಕು. ಹುಟ್ಟಿ ಏಳು ತಿಂಗಳಾದ, ಡಾಂಬರು ರಸ್ತೆ ಹುಡುಕಿದರೂ ಸಿಗದ ದೇಶ ಅದು. ಅದು ಸಿಎನ್‌ಪಿಸಿಯ ಕತ್ತು ಹಿಡಿದಿತ್ತು. ಏಪ್ರಿಲ್‌ನಲ್ಲಿ ಅದರ ಸೈನ್ಯ ಹೆಗ್ಲಿಗ್‌ಗೆ ನುಗ್ಗಿತು, ಹತ್ತು ದಿನ ಹಿಡಿದಿಟ್ಟುಕೊಂಡು ಬಿಟ್ಟಿತು. ಅದೇ ಬಿಸಿಯಲ್ಲಿ ಅಧ್ಯಕ್ಷ ಸಲ್ವಾ ಕೀರ್ ಬೀಜಿಂಗ್‌ನಲ್ಲಿ ಚೀನಾದ ಅಂದಿನ ಅಧ್ಯಕ್ಷ ಹು ಜಿಂಟಾವೊ ಎದುರು ಕುಳಿತು, ನೆರೆಯವರು ನಮ್ಮ ಮೇಲೆ ಯುದ್ಧ ಸಾರಿದ್ದಾರೆ ಎಂದರು. ಮೇ ತಿಂಗಳಲ್ಲಿ, ಮಾತುಕತೆಗೆ ಬರದಿದ್ದರೆ ಇಬ್ಬರ ಮೇಲೂ ನಿರ್ಬಂಧ ಎಂಬ ಬೆದರಿಕೆಯ ನಿರ್ಣಯ ಭದ್ರತಾ ಮಂಡಳಿಗೆ ಬಂದಾಗ ಚೀನಾ ಪರವಾಗಿಯೇ ಕೈ ಎತ್ತಿತು. ಎಣ್ಣೆ ಮತ್ತೆ ಹರಿದದ್ದು 2013ರಲ್ಲಿ.

ಅದೇ ವರ್ಷ ಡಿಸೆಂಬರ್‌ನಲ್ಲಿ ದಕ್ಷಿಣ ಸುಡಾನ್ ತನ್ನೊಳಗೇ ಒಡೆಯಿತು. ಅಧ್ಯಕ್ಷ ಕೀರ್ ಒಂದು ಕಡೆ, ಉಪಾಧ್ಯಕ್ಷ ಸ್ಥಾನದಿಂದ ಅದಾಗಲೇ ವಜಾ ಆಗಿದ್ದ ರೀಕ್ ಮಚಾರ್ ಇನ್ನೊಂದು ಕಡೆ. ಮುಂದಿನ ಎರಡು ವರ್ಷಗಳಲ್ಲಿ ಚೀನಾ ಒಂದೇ ದೇಶದಲ್ಲಿ ಏನೇನು ಮಾಡಿತು ಎಂಬುದನ್ನು ಒಟ್ಟಿಗೆ ಇಟ್ಟು ನೋಡಬೇಕು. 2014ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಗೆ ಹೊಸ ಆದೇಶ ಬರೆದರು. ಶಾಲೆ, ಪ್ರಾರ್ಥನಾ ಮಂದಿರ, ಆಸ್ಪತ್ರೆಗಳ ಸುತ್ತಲಿನ ನಾಗರಿಕರನ್ನು ಕಾಪಾಡಬೇಕು ಎಂಬ ಸಾಲಿನ ಕೊನೆಯಲ್ಲಿ 'ತೈಲ ಸ್ಥಾವರಗಳು' ಎಂಬ ಪದವೂ ಸೇರಿತು. ಅದೇ ಜುಲೈನಲ್ಲಿ ಚೀನಾದ ಸರ್ಕಾರಿ ಶಸ್ತ್ರ ಕಂಪನಿ ನೊರಿಂಕೊ ಜುಬಾ ಸರ್ಕಾರಕ್ಕೆ ಹಡಗುಗಟ್ಟಲೆ ಆಯುಧ ತಲುಪಿಸಿತು. ಮರುವರ್ಷ ವಿಶ್ವಸಂಸ್ಥೆಯ ತಜ್ಞರ ಸಮಿತಿ ಪಟ್ಟಿ ಕೊಟ್ಟಿದೆ: ಸುಮಾರು ಹತ್ತು ಸಾವಿರ ರೈಫಲ್, 1,200 ಕ್ಷಿಪಣಿ, ಎರಡು ಕೋಟಿ ನಲವತ್ತು ಲಕ್ಷ ಗುಂಡು. ದೇಶದ ಜನಸಂಖ್ಯೆ ಅಂದಿಗೆ ಅದರ ಅರ್ಧದಷ್ಟೂ ಇರಲಿಲ್ಲ. ಗದ್ದಲವಾದ ಮೇಲೆ ಉಳಿದ ಸರಬರಾಜು ನಿಲ್ಲಿಸಿದರು. 2015ರ ಜನವರಿಯಲ್ಲಿ ವಿದೇಶಾಂಗ ಮಂತ್ರಿ ವಾಂಗ್ ಯಿ ಖಾರ್ಟೂಮ್‌ಗೆ ಬಂದು ಎರಡೂ ಬಣಗಳನ್ನು ಕೂರಿಸಿ ಸಂಧಾನ ನಡೆಸಿದರು. ಅದೇ ಹೊತ್ತಿಗೆ 700 ಜನರ ಚೀನೀ ಪದಾತಿ ದಳ ನೀಲಿ ಹೆಲ್ಮೆಟ್ ಧರಿಸಿ ಜುಬಾಕ್ಕೆ ಬಂದಿಳಿಯಿತು. ವಿಶ್ವಸಂಸ್ಥೆಯ ಶಾಂತಿಪಡೆಗೆ ಚೀನಾ ಇಡೀ ಪದಾತಿ ಬೆಟಾಲಿಯನ್ ಕಳುಹಿಸಿದ್ದು ಅದೇ ಮೊದಲು. ಬಂದೂಕು ಮಾರಿದವರು, ಸಂಧಾನಕ್ಕೆ ಕೂರಿಸಿದವರು, ಕಾವಲಿಗೆ ನಿಂತವರು ಎಲ್ಲ ಒಂದೇ ಮನೆಯವರು. ಇದು ಬೀಜಿಂಗ್‌ನಲ್ಲಿ ಕುಳಿತ ಯಾರೋ ಒಬ್ಬ ಚಾಣಕ್ಯ ಹೆಣೆದ ತಂತ್ರ ಎಂದು ನನಗೆ ಅನ್ನಿಸುವುದಿಲ್ಲ. ತೈಲ ಕಂಪನಿಗೆ ಬಾವಿ ಉಳಿಯಬೇಕಿತ್ತು, ಶಸ್ತ್ರ ಕಂಪನಿಗೆ ಗಿರಾಕಿ ಬೇಕಿತ್ತು, ವಿದೇಶಾಂಗ ಇಲಾಖೆಗೆ ಮರ್ಯಾದೆ ಬೇಕಿತ್ತು, ಸೇನೆಗೆ ಅನುಭವ ಬೇಕಿತ್ತು. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿತ್ತೋ ಇಲ್ಲವೋ.

ಬಂದ ಸೈನಿಕರ ಪಾಡನ್ನೂ ಹೇಳಬೇಕು. 2016ರ ಜುಲೈ 10, ಜುಬಾ. ಕೀರ್ ಮತ್ತು ಮಚಾರ್ ಪಡೆಗಳು ವಿಶ್ವಸಂಸ್ಥೆಯ ಆವರಣದ ಬೇಲಿಯ ಪಕ್ಕದಲ್ಲೇ ಗುಂಡಿನ ಕಾಳಗಕ್ಕೆ ಇಳಿದವು. ಬೇಲಿಯ ಒಳಗೆ ಹತ್ತಾರು ಸಾವಿರ ನಿರಾಶ್ರಿತರು ಟಾರ್ಪಾಲಿನ ಗುಡಿಸಲುಗಳಲ್ಲಿದ್ದರು. ಚೀನೀ ಸೈನಿಕರಿದ್ದ ಒಂದು ಶಸ್ತ್ರಸಜ್ಜಿತ ವಾಹನಕ್ಕೆ ರಾಕೆಟ್ ಗ್ರೆನೇಡ್ ಬಡಿಯಿತು. ಇಬ್ಬರು ಸತ್ತರು. ಮರುದಿನ, ಅಲ್ಲಿಂದ ಒಂದು ಕಿಲೋಮೀಟರ್ ಚಿಲ್ಲರೆ ದೂರದಲ್ಲಿದ್ದ ಟೆರೇನ್ ಎಂಬ ವಸತಿಗೃಹಕ್ಕೆ ಸರ್ಕಾರಿ ಸೈನಿಕರು ನುಗ್ಗಿ, ಒಬ್ಬ ಸ್ಥಳೀಯ ಪತ್ರಕರ್ತನನ್ನು ಕೊಂದು, ನೆರವು ಸಂಸ್ಥೆಗಳ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. ಕರೆಯ ಮೇಲೆ ಕರೆ ಹೋದರೂ ಶಾಂತಿಪಡೆ ಕದಲಲಿಲ್ಲ. ಡಚ್ ಸೇನೆಯ ನಿವೃತ್ತ ಜನರಲ್ ಪ್ಯಾಟ್ರಿಕ್ ಕಮ್ಮಾರ್ಟ್ ನಡೆಸಿದ ತನಿಖೆ, ಚೀನೀ ದಳ ನಿರಾಶ್ರಿತರ ಶಿಬಿರದ ಕೆಲವು ಕಾವಲು ಜಾಗಗಳನ್ನು ಬಿಟ್ಟುಹೋಗಿತ್ತು ಎಂದು ಹೇಳಿತು. ಅಷ್ಟೇ ಹೇಳಿದ್ದರೆ ನಮಗೆ ಸಮಾಧಾನವಾಗುತ್ತಿತ್ತೇನೋ. ಚೀನಾ, ಇಥಿಯೋಪಿಯಾ, ನೇಪಾಳ, ಭಾರತ ಈ ನಾಲ್ಕೂ ತುಕಡಿಗಳಿಗೆ ಒಬ್ಬ ದಳಪತಿಯ ಹಿಡಿತ ಇರಲಿಲ್ಲ, ಒಂದಕ್ಕೊಂದು ತಾಳೆಯಾಗದ ಆಜ್ಞೆಗಳು ಹೋಗುತ್ತಿದ್ದವು ಎಂದೂ ಹೇಳಿತು. ಪಡೆಯ ಮುಖ್ಯಸ್ಥರಾಗಿದ್ದ ಕೀನ್ಯಾದ ಅಧಿಕಾರಿಯನ್ನು ತೆಗೆದರು, ಕೀನ್ಯಾ ಸಿಟ್ಟಾಗಿ ತನ್ನ ಸೈನಿಕರನ್ನೇ ವಾಪಸ್ ಕರೆಸಿಕೊಂಡಿತು. ಅದಕ್ಕೂ ಮುಂಚೆ, 2013ರ ಏಪ್ರಿಲ್‌ನಲ್ಲಿ ಇದೇ ದೇಶದ ಜೊಂಗ್ಲೆಯಲ್ಲಿ ನಮ್ಮ ಐವರು ಸೈನಿಕರು, ಡಿಸೆಂಬರ್‌ನಲ್ಲಿ ಅಕೋಬೊದಲ್ಲಿ ಮತ್ತಿಬ್ಬರು ಹತರಾಗಿದ್ದರು. ಹಿಮಾಲಯದಲ್ಲಿ ಎದುರುಬದುರು ನಿಲ್ಲುವ ಎರಡು ಸೈನ್ಯಗಳು ಜುಬಾದಲ್ಲಿ ಒಂದೇ ಬೇಲಿಯ ಒಳಗಿದ್ದವು.

ಸೈನ್ಯ ಹೀಗೆ ಹಣದ ಹಿಂದೆ ಹೋದದ್ದಕ್ಕೆ ಇನ್ನೂ ಕೆಲವು ಕಾರಣಗಳನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. 2007ರಲ್ಲಿ ಇಥಿಯೋಪಿಯಾದ ಒಗಾಡೆನ್‌ನಲ್ಲಿ ತೈಲ ಶೋಧ ಶಿಬಿರದ ಮೇಲೆ ಬಂಡುಕೋರರು ಬಿದ್ದು ಎಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದರು, ಒಂಬತ್ತು ಜನ ಚೀನೀಯರು. 2011ರಲ್ಲಿ ಲಿಬಿಯಾ ಕುಸಿದಾಗ 35,000ಕ್ಕೂ ಹೆಚ್ಚು ಚೀನೀ ಕಾರ್ಮಿಕರನ್ನು ಹಡಗು, ವಿಮಾನ, ಬಸ್ಸುಗಳಲ್ಲಿ ಹೊರತರಬೇಕಾಯಿತು. 2015ರಲ್ಲಿ ಮಾಲಿಯ ಬಮಾಕೊ ಹೋಟೆಲ್ ದಾಳಿಯಲ್ಲಿ ಚೀನೀ ರೈಲ್ವೆ ಕಂಪನಿಯ ಮೂವರು ಹಿರಿಯ ಅಧಿಕಾರಿಗಳು ಹೋದರು. ಪ್ರತಿ ಸಲವೂ ಊರಲ್ಲಿ ಜನ ಕೇಳಿದರು: ನಮ್ಮವರನ್ನು ಕಾಯುವವರು ಯಾರು? 2017ರ ಆಗಸ್ಟ್ 1ರಂದು ಜಿಬೂಟಿಯಲ್ಲಿ ಚೀನಾದ ಮೊದಲ ವಿದೇಶಿ ಸೇನಾ ನೆಲೆ ತೆರೆಯಿತು. ಅಮೆರಿಕ, ಫ್ರಾನ್ಸ್, ಜಪಾನ್, ಇಟಲಿಯ ನೆಲೆಗಳು ಮೊದಲೇ ಅಲ್ಲಿದ್ದವು. ಜಿಬೂಟಿಗೆ ಎಣ್ಣೆಯೂ ಇಲ್ಲ, ಚಿನ್ನವೂ ಇಲ್ಲ. ಇರುವ ಒಂದು ಮೂಲೆ ನಿವೇಶನವನ್ನು ಐದಾರು ಬಾಡಿಗೆದಾರರಿಗೆ ಕೊಟ್ಟು ಬದುಕುವ ಜಾಣ ಮನೆಯೊಡೆಯನ ದೇಶ ಅದು.

ಇಷ್ಟು ಹೊತ್ತು ಸುಡಾನಿನ ಕಥೆ ಕೇಳಿದರೆ, ಚೀನಾ ಹೋದಲ್ಲೆಲ್ಲ ಬೆಂಕಿ ಎನ್ನಿಸಬಹುದು. ಅದಕ್ಕೇ ಕೊಳವೆಯಿಂದ ಇಳಿದು ಡರ್ಬನ್ ಬಂದರಿಗೆ ಕರೆದೊಯ್ಯುತ್ತೇನೆ. 2008ರ ಏಪ್ರಿಲ್. ಜಿಂಬಾಬ್ವೆಯಲ್ಲಿ ಚುನಾವಣೆ ನಡೆದು ವಾರಗಳಾದರೂ ಮುಗಾಬೆ ಸರ್ಕಾರ ಅಧ್ಯಕ್ಷ ಚುನಾವಣೆಯ ಫಲಿತಾಂಶ ಹೇಳುತ್ತಿಲ್ಲ, ವಿರೋಧಿಗಳನ್ನು ಹಿಡಿದು ಬಡಿಯುತ್ತಿದೆ. ಆನ್ ಯುಯೆ ಜಿಯಾಂಗ್ ಎಂಬ ಚೀನೀ ಸರಕು ಹಡಗು ಡರ್ಬನ್ ಹೊರಗೆ ಲಂಗರು ಹಾಕಿತು. ಒಳಗೆ ಜಿಂಬಾಬ್ವೆಗೆ ಹೋಗಬೇಕಾದ 77 ಟನ್ ಆಯುಧ: ಮೂವತ್ತು ಲಕ್ಷ ಗುಂಡು, 1,500 ರಾಕೆಟ್ ಗ್ರೆನೇಡ್, ಮೂರು ಸಾವಿರದಷ್ಟು ಮಾರ್ಟರ್ ಶೆಲ್. ದಕ್ಷಿಣ ಆಫ್ರಿಕಾ ಸರ್ಕಾರ, ಕಾಗದಪತ್ರ ಸರಿಯಾಗಿದೆ, ನಾವು ತಡೆಯುವುದಿಲ್ಲ ಎಂದಿತು. ಸರಕು ಇಳಿಸಬೇಕಾದ ಹಮಾಲರ ಸಂಘ, ನಾವು ಇಳಿಸುವುದಿಲ್ಲ ಎಂದಿತು. ಕ್ರೇನ್ ಮುಟ್ಟುವುದಿಲ್ಲ, ಲಾರಿ ಓಡಿಸುವುದಿಲ್ಲ. ಒಬ್ಬ ಬಿಷಪ್ ಹೈಕೋರ್ಟಿಗೆ ಹೋಗಿ, ಆಯುಧಗಳು ದಕ್ಷಿಣ ಆಫ್ರಿಕಾದ ನೆಲದ ಮೇಲೆ ಹಾದುಹೋಗದಂತೆ ತಡೆಯಾಜ್ಞೆ ತಂದರು. ಆಜ್ಞೆ ಜಾರಿ ಮಾಡಲು ಅಧಿಕಾರಿಗಳು ಹೊರಡುವಷ್ಟರಲ್ಲಿ ಹಡಗು ಲಂಗರು ಎತ್ತಿತ್ತು. ಮೊಜಾಂಬಿಕ್ ಬೇಡ ಎಂದಿತು, ನಮೀಬಿಯಾದಲ್ಲಿ ಪ್ರತಿಭಟನೆ ಎದ್ದಿತು, ಅಂಗೋಲಾ ಬೇರೆ ಸರಕು ಮಾತ್ರ ಇಳಿಸಲು ಬಿಟ್ಟಿತು. ಕೊನೆಗೆ ಆಯುಧಗಳನ್ನು ವಾಪಸ್ ತರುತ್ತಿದ್ದೇವೆ ಎಂದು ಬೀಜಿಂಗ್ ಹೇಳಿಕೆ ಕೊಟ್ಟಿತು. ಭದ್ರತಾ ಮಂಡಳಿ ಮಾಡದ ಕೆಲಸವನ್ನು ಮೂಟೆ ಹೊರುವವರು ಮಾಡಿದರು.

ಜಾಂಬಿಯಾದಲ್ಲಿ ಅದು ಇಷ್ಟು ಚೊಕ್ಕಟವಾಗಿ ಆಗಲಿಲ್ಲ. ಆ ದೇಶಕ್ಕೆ ಚೀನಾ ಹಳೆಯ ನೆಂಟ. ಎಪ್ಪತ್ತರ ದಶಕದಲ್ಲಿ, ಬಿಳಿಯರ ಆಡಳಿತದ ರೊಡೇಷಿಯಾವನ್ನು (ಇಂದಿನ ಜಿಂಬಾಬ್ವೆ) ಮುಟ್ಟದೆ ತಾಮ್ರ ಸಾಗಿಸಲೆಂದು ದಾರ್ ಎಸ್ ಸಲಾಮ್ ಬಂದರಿನವರೆಗೆ 1,860 ಕಿಲೋಮೀಟರ್ ತಜಾರಾ ರೈಲುಮಾರ್ಗ ಹಾಕಿಕೊಟ್ಟದ್ದು ಚೀನಾ. ಪಾಶ್ಚಾತ್ಯರು ಲಾಭವಿಲ್ಲ ಎಂದು ಕೈಬಿಟ್ಟ ಕೆಲಸ. ಕಟ್ಟುವಾಗ ಸತ್ತ ಚೀನೀ ಕೆಲಸಗಾರರ ಸಮಾಧಿಗಳು ಇಂದಿಗೂ ಅಲ್ಲಿವೆ. 1998ರಲ್ಲಿ ಚೀನಾ ಮತ್ತೆ ಬಂದಾಗ ಮುಖ ಬೇರೆಯಾಗಿತ್ತು. ಮುಚ್ಚಿದ್ದ ಚಾಂಬಿಶಿ ತಾಮ್ರದ ಗಣಿಯನ್ನು ಕೊಂಡರು, ಕಡಿಮೆ ಕೂಲಿ, ಕಡಿಮೆ ಸುರಕ್ಷತೆ. 2005ರಲ್ಲಿ ಅಲ್ಲಿನ ಸ್ಫೋಟಕ ಕಾರ್ಖಾನೆ ಸಿಡಿದು ಸುಮಾರು ಐವತ್ತು ಜಾಂಬಿಯನ್ ಕಾರ್ಮಿಕರು ಸತ್ತರು. 2010ರಲ್ಲಿ ದಕ್ಷಿಣದ ಕೊಲ್ಲಂ ಎಂಬ ಕಲ್ಲಿದ್ದಲು ಗಣಿಯಲ್ಲಿ (ನಮ್ಮ ಕೇರಳದ ಊರಿಗೂ ಇದಕ್ಕೂ ಸಂಬಂಧವಿಲ್ಲ) ಕೂಲಿ ಹೆಚ್ಚಳ ಕೇಳಲು ಬಂದ ಗುಂಪಿನ ಮೇಲೆ ಇಬ್ಬರು ಚೀನೀ ಮೇಲ್ವಿಚಾರಕರು ಗುಂಡು ಹಾರಿಸಿ ಹತ್ತಕ್ಕೂ ಹೆಚ್ಚು ಜನರನ್ನು ಗಾಯಗೊಳಿಸಿದರು. ಮೊಕದ್ದಮೆಯನ್ನು ಸರ್ಕಾರ ಹಿಂತೆಗೆದುಕೊಂಡಿತು. ಎರಡು ವರ್ಷಕ್ಕೆ ಅದೇ ಗಣಿಯಲ್ಲಿ ಕನಿಷ್ಠ ಕೂಲಿಯ ಜಗಳದಲ್ಲಿ ಕಾರ್ಮಿಕರು ಒಬ್ಬ ಚೀನೀ ಮೇಲ್ವಿಚಾರಕನನ್ನು ಕೊಂದರು. ಕೋರ್ಟಿನಲ್ಲಿ ಸಿಗದ ನ್ಯಾಯ ಗಣಿಬಾಯಲ್ಲಿ ಈ ರೂಪದಲ್ಲಿ ಬಂತು. ಸತ್ತವನು ಗುಂಡು ಹಾರಿಸಿದವನಲ್ಲ.

ಮೈಕೆಲ್ ಸಾಟಾ ಎಂಬ ರಾಜಕಾರಣಿ ಈ ಸಿಟ್ಟಿನ ಮೇಲೇರಿ ಬಂದರು. 'ಕಾಳಿಂಗ ಸರ್ಪ' ಎಂದೇ ಅವರ ಅಡ್ಡಹೆಸರು, ಬಾಯಿ ತೆರೆದರೆ ವಿಷ. 2006ರಲ್ಲಿ ಚೀನಾ ವಿರುದ್ಧ ಕೂಗಾಡಿ ಸೋತರು, 2011ರಲ್ಲಿ ದನಿ ತಗ್ಗಿಸಿ ಗೆದ್ದರು. ಗೆದ್ದ ಮೇಲೆ ಅಧ್ಯಕ್ಷರ ಭವನದಲ್ಲಿ ಚೀನೀ ಹೂಡಿಕೆದಾರರಿಗೇ ಊಟ ಹಾಕಿಸಿದರು, ದೇಶದ ಮೊದಲ ಅಧ್ಯಕ್ಷ ಕೆನೆತ್ ಕೌಂಡಾರನ್ನು ಬೀಜಿಂಗ್‌ಗೆ ರಾಯಭಾರಕ್ಕೆ ಕಳುಹಿಸಿದರು. ಮೋಸ ಎನ್ನುತ್ತೀರಾ? ಆದರೆ ಕನಿಷ್ಠ ಕೂಲಿ ಏರಿತು, 2013ರಲ್ಲಿ ಕೊಲ್ಲಂ ಗಣಿಯ ಪರವಾನಗಿ ರದ್ದಾಯಿತು. ಕೂಗಿ, ಗೆದ್ದು, ಚೌಕಾಸಿಗೆ ಕೂತು, ಒಂದಿಷ್ಟು ಪಡೆದು, ಒಂದಿಷ್ಟು ನುಂಗಿಕೊಳ್ಳುವುದು: ನಾವೂ ಹೀಗೆಯೇ ಅಲ್ಲವೇ ಬದುಕಿರುವುದು. 2025ರ ಫೆಬ್ರವರಿಯಲ್ಲಿ ಚಾಂಬಿಶಿ ಬಳಿಯ ಮತ್ತೊಂದು ಚೀನೀ ಕಂಪನಿಯ ಗಣಿತ್ಯಾಜ್ಯದ ಕಟ್ಟೆ ಒಡೆದು ಆಮ್ಲದ ನೀರು ಕಾಫ್ಯೂ ನದಿಗೆ ಹರಿಯಿತು, ಕಿಟ್ವೆ ನಗರದ ನಲ್ಲಿ ನೀರು ನಿಂತಿತು, ಮೀನು ಸತ್ತು ತೇಲಿದವು. ಜನ ಈಗ ಕೋರ್ಟಿನಲ್ಲಿದ್ದಾರೆ. ಬೆಂಟಿಯುವಿನ ದನಗಾಹಿಗೆ ಹೋಗಲು ಯಾವ ಕೋರ್ಟೂ ಇರಲಿಲ್ಲ. ಅವನ ಬಳಿ ಇದ್ದದ್ದು ಬಂದೂಕು. ಚೀನಾ ಎರಡೂ ಕಡೆ ಹೆಚ್ಚುಕಡಿಮೆ ಅದೇ ಚೀನಾ. ನಡುವೆ ನಿಂತು 'ಇಳಿಸುವುದಿಲ್ಲ' ಎನ್ನುವ ಹಮಾಲಿ ಸಂಘ, ತಡೆಯಾಜ್ಞೆ ಕೊಡುವ ನ್ಯಾಯಾಧೀಶ, ಓಟು ಕೇಳಲು ಬರಲೇಬೇಕಾದ ಕಾಳಿಂಗ ಸರ್ಪ ಇದ್ದಲ್ಲಿ ಜಗಳ ಜಗಳವಾಗಿಯೇ ಉಳಿಯುತ್ತದೆ. ಅವರು ಇಲ್ಲದಲ್ಲಿ ಅದು ಯುದ್ಧದ ಜೊತೆ ಸೇರಿಕೊಳ್ಳುತ್ತದೆ. ನಾನು ಹೇಳಬೇಕೆಂದಿದ್ದ ಇನ್ನರ್ಧ ಇದು.

ಭಾಷಣ ಮುಗಿದ ಮೇಲೆ ಹಿರಿಯರೊಬ್ಬರು ಎದ್ದು, "ಸಾರ್, ನೀವು ಚೀನಾವನ್ನು ಸ್ವಲ್ಪ ಮೆತ್ತಗೆ ಹಿಡಿದಿರಿ. ಇದು ಹೊಸ ವಸಾಹತು ಅಲ್ಲದೆ ಮತ್ತೇನು?" ಎಂದರು. ಅವರ ಸಿಟ್ಟಿಗೆ ಕಾರಣಗಳಿವೆ. ಅಡಿಸ್ ಅಬಾಬಾದ ಆಫ್ರಿಕಾ ಒಕ್ಕೂಟದ ಕಟ್ಟಡವನ್ನೇ ನೋಡಿ. 20 ಕೋಟಿ ಡಾಲರ್ ಖರ್ಚಿನಲ್ಲಿ ಚೀನಾ ಕಟ್ಟಿ 2012ರಲ್ಲಿ ಉಡುಗೊರೆ ಕೊಟ್ಟಿತು. ಅದರ ಕಂಪ್ಯೂಟರುಗಳಿಂದ ಪ್ರತಿ ರಾತ್ರಿ ಮಾಹಿತಿ ಶಾಂಘೈಗೆ ಹೋಗುತ್ತಿತ್ತು ಎಂದು ಫ್ರೆಂಚ್ ಪತ್ರಿಕೆ ಲ ಮೊಂದ್ 2018ರಲ್ಲಿ ಬರೆಯಿತು. ಚೀನಾವೂ ಒಕ್ಕೂಟವೂ ಅಲ್ಲಗಳೆದವು. ಇದ್ದರೂ ವಸಾಹತು ಎಂಬ ಪದ ನನಗೆ ಒಗ್ಗುವುದಿಲ್ಲ. ವಸಾಹತಿನಲ್ಲಿ ಆಳುವವನು ಕೂಲಿಯವನ ತಲೆಗಂದಾಯದಿಂದ ಶಾಲೆಯ ಪಠ್ಯದವರೆಗೆ ಎಲ್ಲಕ್ಕೂ ಕೈಹಾಕುತ್ತಾನೆ. ಚೀನಾದ ದೋಷ ಅದರ ವಿರುದ್ಧದ್ದು: ಸರ್ಕಾರದ ಜೊತೆ ಸಹಿ ಹಾಕಿದರೆ ಸಾಕು, ಆ ಸರ್ಕಾರ ತನ್ನ ಜನರ ಜೊತೆ ಏನು ಮಾಡುತ್ತದೆಂದು ಕೇಳಬೇಕಿಲ್ಲ ಎಂಬ ನಂಬಿಕೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, "ನಾವು ಹೋದರೆ ಬೇರೆ ರೀತಿ ಇರುತ್ತೇವಾ?" ಎಂದು ಕೇಳಿದಳು. ಎಣ್ಣೆಯ ಉತ್ತರ ಆಗಲೇ ಬಂದಿತ್ತು. ನೆಲದ ಉತ್ತರ ಹೇಳಿದೆ. ಗುಲಾಬಿ ಬೆಳೆದು ಹೆಸರು ಮಾಡಿದ ಬೆಂಗಳೂರಿನ ಕಂಪನಿಯೊಂದು, ದಕ್ಷಿಣ ಸುಡಾನಿನ ಗಡಿಗೆ ಹೊಂದಿಕೊಂಡ ಇಥಿಯೋಪಿಯಾದ ಗಂಬೆಲ್ಲಾದಲ್ಲಿ ಒಂದು ಲಕ್ಷ ಹೆಕ್ಟೇರ್ ನೆಲವನ್ನು ಸರ್ಕಾರದಿಂದ ಗುತ್ತಿಗೆ ಹಿಡಿದಿತ್ತು, ಮೂರು ಲಕ್ಷದವರೆಗೆ ಕೊಡುವ ಮಾತಿತ್ತು. ಆ ನೆಲದಲ್ಲಿ ಓಡಾಡಿಕೊಂಡಿದ್ದವರು ಅದೇ ನ್ಯೂಯರ್ ಮತ್ತು ಅನ್ಯುವಾಕ್ ಜನ. ಬಾರೋ ನದಿಯ ನೆರೆ ಬೆಳೆ ತಿಂದಿತು, ಸಾಲ ಏರಿತು, 2015ರ ಕೊನೆಗೆ ಇಥಿಯೋಪಿಯಾ ಗುತ್ತಿಗೆ ರದ್ದು ಮಾಡಿತು. ಆಗಲೂ ಸಹಿ ಆದದ್ದು ಸರ್ಕಾರದ ಜೊತೆಗೇ.

ಕೊಳವೆಯ ಕಥೆ ಮುಗಿದಿಲ್ಲ. ಮೇಲಣ ನೈಲ್ ಪ್ರಾಂತ್ಯದ ಬಾವಿಗಳಿಂದ ಬರುವ ಎರಡನೆಯ ಕೊಳವೆಯ ಎಣ್ಣೆಗೆ ಮೇಣದ ಅಂಶ ಹೆಚ್ಚು. ಧನುರ್ಮಾಸದ ತುಪ್ಪದ ಹಾಗೆ, ಬಿಸಿ ಮಾಡುತ್ತಲೇ ಇರದಿದ್ದರೆ ಗಟ್ಟಿಯಾಗುತ್ತದೆ. ದಾರಿಯುದ್ದಕ್ಕೂ ಪಂಪು ಮನೆಗಳಲ್ಲಿ ಕಾಯಿಸಿ ತಳ್ಳಬೇಕು, ಕಾಯಿಸಲು ಡೀಸೆಲ್ ಬೇಕು. ಖಾರ್ಟೂಮ್ ಉತ್ತರಕ್ಕೆ ಯುದ್ಧ ನಡೆದು ಡೀಸೆಲ್ ತಲುಪದೆ 2024ರ ಫೆಬ್ರವರಿಯಲ್ಲಿ ಎಣ್ಣೆ ಒಳಗೇ ಹೆಪ್ಪುಗಟ್ಟಿ ಕೊಳವೆ ಒಡೆಯಿತು. ಸುಮಾರು ಒಂದು ವರ್ಷ ದಕ್ಷಿಣ ಸುಡಾನಿನ ಆದಾಯದ ದೊಡ್ಡ ಪಾಲು ನಿಂತುಹೋಗಿ, ಜುಬಾದ ಶಿಕ್ಷಕರಿಗೂ ಸೈನಿಕರಿಗೂ ತಿಂಗಳುಗಟ್ಟಲೆ ಸಂಬಳ ಇರಲಿಲ್ಲ. ಈ ಯುದ್ಧದಲ್ಲಿ ಆರ್‌ಎಸ್‌ಎಫ್ ಕೈಯಲ್ಲಿ ಚೀನಾದಲ್ಲಿ ತಯಾರಾದ ಫಿರಂಗಿ, ಗುರಿ ಹಿಡಿದು ಬೀಳುವ ಬಾಂಬುಗಳು ಕಂಡಿವೆ ಎಂದು ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ 2025ರಲ್ಲಿ ಹೇಳಿತು. ಅವು ಯುಎಇ ಮೂಲಕ ಹೋದವು ಎಂಬುದು ಅದರ ಆರೋಪ, ಯುಎಇ ಒಪ್ಪುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ, ನಮ್ಮ ಹಕ್ಕಿಪಿಕ್ಕಿಗಳು ಸಿಕ್ಕಿಕೊಂಡಿದ್ದ ಎಲ್ ಫಾಶರ್ ಆರ್‌ಎಸ್‌ಎಫ್ ವಶವಾಗಿ ಸಾಮೂಹಿಕ ಹತ್ಯೆಗಳು ನಡೆದವು. ಡಿಸೆಂಬರ್‌ನಲ್ಲಿ ಹೆಗ್ಲಿಗ್ ಕೂಡ ಅದರ ಕೈಗೆ ಬಿತ್ತು.

ಆಗ ಒಂದು ವಿಚಿತ್ರ ನಡೆಯಿತು. ಎರಡೂವರೆ ವರ್ಷದಿಂದ ಒಂದು ಕದನವಿರಾಮವನ್ನೂ ಉಳಿಸಿಕೊಳ್ಳದ ಸುಡಾನ್ ಸೇನೆ ಮತ್ತು ಆರ್‌ಎಸ್‌ಎಫ್, ಹೆಗ್ಲಿಗ್ ಬಿದ್ದ ಮೂರ್ನಾಲ್ಕು ದಿನಗಳಲ್ಲೇ ಒಂದು ವಿಷಯಕ್ಕೆ ತಲೆಯಾಡಿಸಿದವು. ದಕ್ಷಿಣ ಸುಡಾನಿನ ಸೈನಿಕರು ಗಡಿ ದಾಟಿ ಬಂದು, ತೈಲ ಕ್ಷೇತ್ರದ ಕಾವಲಿಗೆ ನಿಂತರು.